ಬಾರ್ಬಿಯಾನಾದ ಮೇಷ್ಟ್ರು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯವರು ಮನೆಗೆ ಬಂದು ಕೇಳಿದಾಗ, ನಮ್ಮ ಶಾಲೆಯ ಹಳೆಯ ನೆನಪುಗಳನ್ನೇ ಬರೆಯೋಣವೆಂದು ಒಪ್ಪಿಕೊಂಡಿದ್ದೆ. ಬರೆಯಲು ಕುಳಿತಾಗ ನೆನಪಿಗೆ ಬಂದವರು ಬೇರೆಯೇ ಒಬ್ಬರು. ಅವರು ನಮ್ಮೂರನ್ನು ಕಂಡವರಲ್ಲ, ಕನ್ನಡವನ್ನು ಕೇಳಿದವರಲ್ಲ. 1967ರಲ್ಲೇ ತೀರಿಕೊಂಡವರು. ಆದರೂ ಈ ಶಾಲೆಯಲ್ಲಿ ನನ್ನ ಕೊನೆಯ ಹತ್ತು ವರ್ಷಗಳ ಪ್ರಬಂಧ ಪಾಠಕ್ಕೆ ಅವರೇ ಗುರುಗಳು. ಇಟಲಿ ದೇಶದ ಲೊರೆಂಜೊ ಮಿಲಾನಿ ಎಂಬ ಪಾದ್ರಿಗಳು ಅವರು. ಅಲ್ಲಿ ಪಾದ್ರಿಗಳ ಹೆಸರಿನ ಹಿಂದೆ ಗೌರವಕ್ಕಾಗಿ 'ಡಾನ್' ಎಂದು ಸೇರಿಸುತ್ತಾರೆ. ಡಾನ್ ಮಿಲಾನಿ ಎಂದರೆ ಆ ದೇಶದ ಶಿಕ್ಷಕರಿಗೆಲ್ಲ ಗೊತ್ತು.

ಅವರ ಕಥೆಗೆ ಮೊದಲು ನನ್ನ ತಪ್ಪೊಂದನ್ನು ಹೇಳಿಕೊಳ್ಳಬೇಕು.

ನಾನು ಇಲ್ಲಿಗೆ ಕನ್ನಡ ಶಿಕ್ಷಕನಾಗಿ ಬಂದ ಮೊದಲ ವರ್ಷಗಳಲ್ಲಿ ಪ್ರಬಂಧ ಕಲಿಸುತ್ತಿದ್ದ ಕ್ರಮ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಕಪ್ಪು ಹಲಗೆಯ ಮೇಲೆ ವಿಷಯ ಬರೆಯುತ್ತಿದ್ದೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಮೂರು ಭಾಗ ಮಾಡಿ ನಾನೇ ಹೇಳುತ್ತಾ ಹೋಗುತ್ತಿದ್ದೆ. ಮಕ್ಕಳು ಬರೆದುಕೊಂಡು, ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಹಾಗೇ ಇಳಿಸುತ್ತಿದ್ದರು. ನಲವತ್ತು ಉತ್ತರ ಪತ್ರಿಕೆಗಳಲ್ಲೂ ಒಂದೇ ಪ್ರಬಂಧ. ಅದನ್ನು ನೋಡಿ ನನಗೆ ಬೇಸರವಾಗುವ ಬದಲು ಹೆಮ್ಮೆಯಾಗುತ್ತಿತ್ತು.

ಒಂದು ವರ್ಷ ಒಂಬತ್ತನೇ ತರಗತಿಯ ಹುಡುಗನೊಬ್ಬ 'ಗ್ರಂಥಾಲಯದ ಮಹತ್ವ' ಎಂದು ತಲೆಬರಹ ಬರೆದು, ಅಡಿಯಲ್ಲಿ ಎರಡು ಗೆರೆ ಎಳೆದು, ಹಾಳೆಯನ್ನು ಖಾಲಿ ಬಿಟ್ಟಿದ್ದ. ನಾನು ಕೆಂಪು ಶಾಯಿಯಲ್ಲಿ ದೊಡ್ಡದೊಂದು ಸೊನ್ನೆ ಸುತ್ತಿ ತರಗತಿಯ ಮುಂದೆ ಎತ್ತಿ ತೋರಿಸಿದೆ. ಅವನು ಗ್ರಂಥಾಲಯವನ್ನೇ ಕಂಡಿರಲಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ. ಮುಂದಿನ ಜೂನ್‌ನಲ್ಲಿ ಅವನು ಶಾಲೆಗೆ ಬರಲಿಲ್ಲ.

ಹಲವು ವರ್ಷಗಳ ಮೇಲೆ ಸಂತೆಯಲ್ಲಿ ಅವನನ್ನು ಕಂಡೆ. ನಾಲ್ಕಾರು ರೈತರು ಸುತ್ತ ನಿಂತಿದ್ದರು. ರೇಷ್ಮೆಹುಳುವಿಗೆ ಸುಣ್ಣಕಟ್ಟು ರೋಗ ಯಾವ ಹವೆಯಲ್ಲಿ ಬರುತ್ತದೆ, ಮೊದಲ ಗುರುತು ಏನು, ಹುಳುಮನೆಯನ್ನು ಹೇಗೆ ಶುದ್ಧ ಮಾಡಬೇಕು ಎಂದು ಅವನು ವಿವರಿಸುತ್ತಿದ್ದ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಪೀಠಿಕೆ, ವಿವರಣೆ, ಉಪಸಂಹಾರ ಎಲ್ಲವೂ ಅಲ್ಲಿತ್ತು. ನನ್ನನ್ನು ಕಂಡು ಕೈಮುಗಿದ. ನಾನು ಏನೋ ಕುಶಲ ಕೇಳಿ ಬೇಗನೆ ಅಲ್ಲಿಂದ ಹೊರಟುಬಿಟ್ಟೆ.

ಆ ವರ್ಷವೇ ಒಂದು ಶಿಕ್ಷಕರ ತರಬೇತಿಯಲ್ಲಿ ಸಂಪನ್ಮೂಲ ವ್ಯಕ್ತಿಯೊಬ್ಬರು ಬಾರ್ಬಿಯಾನಾ ಶಾಲೆಯ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಆಮೇಲೆ ನಾನಾಗಿ ಹುಡುಕಿ ಓದಿದೆ. ಓದಿ ತಿಳಿದದ್ದನ್ನು ನನ್ನ ಮಾತಿನಲ್ಲೇ ಇಲ್ಲಿ ಹೇಳುತ್ತೇನೆ.

ಲೊರೆಂಜೊ ಮಿಲಾನಿ ಹುಟ್ಟಿದ್ದು 1923ರ ಮೇ 27ರಂದು, ಫ್ಲಾರೆನ್ಸ್ ನಗರದಲ್ಲಿ. ಮನೆತನ ಬಹಳ ಶ್ರೀಮಂತವಾದದ್ದು, ವಿದ್ಯೆಯಲ್ಲೂ ದೊಡ್ಡದು. ಅವರ ಮುತ್ತಜ್ಜ ದೊಮೆನಿಕೊ ಕಂಪರೆತ್ತಿ ಪ್ರಾಚೀನ ಭಾಷೆ ಸಾಹಿತ್ಯಗಳಲ್ಲಿ ಯುರೋಪಿನಲ್ಲೇ ಹೆಸರಾದ ವಿದ್ವಾಂಸರು. ತಾಯಿ ಆಲಿಚೆ ಯಹೂದಿ ಮನೆತನದವರು. ಮನೆಯಲ್ಲಿ ಪುಸ್ತಕಗಳಿಗೆ ಕೊರತೆಯಿರಲಿಲ್ಲ, ದೇವರ ಮಾತು ಮಾತ್ರ ಇರಲಿಲ್ಲ. ಹುಡುಗನಿಗೆ ಚಿತ್ರಕಾರನಾಗುವ ಆಸೆ. ಮಿಲಾನ್ ನಗರದ ಬ್ರೆರಾ ಕಲಾಶಾಲೆಯಲ್ಲಿ ಚಿತ್ರಕಲೆಯನ್ನೂ ಕಲಿತರು. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ, 1943ರಲ್ಲಿ, ಇಪ್ಪತ್ತು ವರ್ಷದ ಈ ಯುವಕ ಎಲ್ಲರಿಗೂ ಆಶ್ಚರ್ಯವಾಗುವಂತೆ ಪಾದ್ರಿಯಾಗಲು ಹೊರಟರು. 1947ರ ಜುಲೈನಲ್ಲಿ ದೀಕ್ಷೆಯಾಯಿತು.

ಆ ವರ್ಷವೇ ಅವರನ್ನು ಫ್ಲಾರೆನ್ಸ್ ಹತ್ತಿರದ ಸಾನ್ ದೊನಾತೊ ಎಂಬ ಊರಿಗೆ ಕಳಿಸಿದರು. ಅಲ್ಲಿದ್ದವರು ಹೆಚ್ಚಾಗಿ ಕಾರ್ಮಿಕರು ಮತ್ತು ರೈತರು. ಚರ್ಚಿನಲ್ಲಿ ತಾವು ಹೇಳುವ ಮಾತು ಈ ಜನಕ್ಕೆ ತಲುಪುತ್ತಿಲ್ಲ ಎಂದು ಮಿಲಾನಿಯವರಿಗೆ ಬೇಗನೆ ಅರ್ಥವಾಯಿತು. ಆ ಜನರಿಗೆ ಬುದ್ಧಿ ಕಡಿಮೆಯಿರಲಿಲ್ಲ, ಮಾತಿನ ಬಂಡವಾಳ ಕಡಿಮೆಯಿತ್ತು. ಪತ್ರಿಕೆ ಓದಿದರೆ ಅರ್ಧ ಅರ್ಥವಾಗದು, ಕರಾರು ಪತ್ರಕ್ಕೆ ಓದದೆ ಸಹಿ ಹಾಕುವುದು, ಸಾಹೇಬರ ಎದುರು ಬಾಯಿ ಕಟ್ಟಿಹೋಗುವುದು. ಮಾತು ಬಲ್ಲವರು ಮಾತು ಬಾರದವರನ್ನು ಆಳುತ್ತಾರೆ ಎಂಬುದು ಅವರಿಗೆ ಅಲ್ಲಿ ಮನವರಿಕೆಯಾಯಿತು. ದುಡಿಯುವ ಯುವಕರಿಗಾಗಿ ರಾತ್ರಿ ಶಾಲೆ ತೆರೆದರು. ಆಗ ಇಟಲಿಯಲ್ಲಿ ಕಮ್ಯುನಿಸ್ಟರಿಗೂ ಚರ್ಚಿನವರಿಗೂ ದೊಡ್ಡ ಜಗಳ. ಎರಡೂ ಕಡೆಯ ಹುಡುಗರು ಸಂಕೋಚವಿಲ್ಲದೆ ಬರಲೆಂದು ಸ್ವತಃ ಪಾದ್ರಿಯಾದ ಅವರು ತರಗತಿಯ ಗೋಡೆಯಿಂದ ಶಿಲುಬೆಯನ್ನು ತೆಗೆದಿಟ್ಟರು. ಎಲ್ಲ ಜಾತಿ ಮತದ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಸರ್ಕಾರಿ ಶಾಲೆಯವರಾದ ನಮಗೆ ಇದರ ಬೆಲೆ ಗೊತ್ತು.

ಇಂಥವರನ್ನು ಮೇಲಿನವರು ಬಹಳ ದಿನ ಸಹಿಸುವುದಿಲ್ಲ. 1954ರ ಡಿಸೆಂಬರ್‌ನಲ್ಲಿ ಅವರನ್ನು ಬೆಟ್ಟದ ಮೇಲಿನ ಬಾರ್ಬಿಯಾನಾಕ್ಕೆ ವರ್ಗ ಮಾಡಿದರು. ಊರೆಂದು ಕರೆಯಲು ಅಲ್ಲಿ ಏನೂ ಇರಲಿಲ್ಲ. ಒಂದು ಚರ್ಚು, ಕಾಡಿನ ನಡುವೆ ಚದುರಿದ ಕೆಲವೇ ಒಕ್ಕಲು ಮನೆಗಳು. ಚರ್ಚಿನವರೆಗೆ ರಸ್ತೆಯಿಲ್ಲ, ವಿದ್ಯುತ್ ಇಲ್ಲ. ನಮ್ಮ ಕಡೆ ಹೇಳುವಂತೆ ನೀರಿಲ್ಲದ ಊರಿಗೆ ಎತ್ತಂಗಡಿ. ಬೇರೆಯವರಾಗಿದ್ದರೆ ವಾಪಸು ಬರಲು ಶಿಫಾರಸು ಹುಡುಕುತ್ತಿದ್ದರು. ಮಿಲಾನಿಯವರು ಊರಿಗೆ ಬಂದ ಮಾರನೆಯ ದಿನವೇ ಕೆಳಗಿನ ವಿಕ್ಕಿಯೊ ಪಟ್ಟಣದ ಕಚೇರಿಗೆ ಹೋಗಿ, ಬಾರ್ಬಿಯಾನಾದ ಪುಟ್ಟ ಸ್ಮಶಾನದಲ್ಲಿ ತಮ್ಮ ಸಮಾಧಿಗೆ ಜಾಗ ಕೊಂಡರು. ಆಗ ಅವರಿಗೆ 31 ವರ್ಷ. ಇನ್ನು ನಾನು ಇಲ್ಲಿಯವನೇ ಎಂದು ಊರವರಿಗೆ ತಿಳಿಸುವ ಬಗೆ ಅದು.

ಬೆಟ್ಟದ ಮಕ್ಕಳು ಐದನೇ ತರಗತಿ ಮುಗಿಸಿ ಕುರಿ ಕಾಯಲು, ಹೊಲದ ಕೆಲಸಕ್ಕೆ ಹೋಗುತ್ತಿದ್ದರು. ಮುಂದಿನ ಶಾಲೆಗೆ ಹೋದವರು ನಪಾಸಾಗಿ ತಿರುಗಿ ಬರುತ್ತಿದ್ದರು. ಹದಿನಾಲ್ಕು ವರ್ಷದವರೆಗೆ ಶಾಲೆ ಕಡ್ಡಾಯವೆಂದು ಕಾಯಿದೆಯೇನೋ ಇತ್ತು, ಆದರೆ ನಪಾಸು ಮಾಡುತ್ತಾ ಹೋದರೆ ಮಕ್ಕಳು ತಾವಾಗಿಯೇ ಬಿಡುತ್ತಿದ್ದರು. ಹೀಗೆ ಬಿಟ್ಟವರನ್ನೂ ಬಿಡಲಿದ್ದವರನ್ನೂ ಸೇರಿಸಿಕೊಂಡು ಮಿಲಾನಿ ತಮ್ಮ ಚರ್ಚಿನ ಮನೆಯಲ್ಲಿ ಶಾಲೆ ಶುರುಮಾಡಿದರು. ಬೆಳಿಗ್ಗೆಯಿಂದ ಸಂಜೆಯವರೆಗೆ, ಭಾನುವಾರವೂ ಬಿಡದೆ, ವರ್ಷವಿಡೀ ಪಾಠ. ಮೇಜುಗಳನ್ನು ಮಕ್ಕಳೇ ಮಾಡಿದ್ದರು. ಅರಿತ ಹುಡುಗ ಅರಿಯದ ಹುಡುಗನಿಗೆ ಹೇಳಿಕೊಡುತ್ತಿದ್ದ. ಒಬ್ಬನಿಗೆ ಅರ್ಥವಾಗದಿದ್ದರೆ ಎಲ್ಲರೂ ಅವನಿಗಾಗಿ ನಿಲ್ಲುತ್ತಿದ್ದರು. ದಿನಪತ್ರಿಕೆಯನ್ನು ಒಂದೊಂದು ಪದವನ್ನೂ ಬಿಡದೆ ಓದುತ್ತಿದ್ದರು. ದೊಡ್ಡ ಮನುಷ್ಯರು ಯಾರಾದರೂ ಶಾಲೆ ನೋಡಲು ಬಂದರೆ ಭಾಷಣ ಮಾಡಿ ಹೋಗುವಂತಿರಲಿಲ್ಲ, ಮಕ್ಕಳ ಪ್ರಶ್ನೆಗಳಿಗೆ ಉತ್ತರ ಕೊಡಬೇಕಿತ್ತು. ನೀರಿನ ಭಯ ಬಿಡಿಸಲು ಮಕ್ಕಳೊಂದಿಗೆ ಸೇರಿ ಚಿಕ್ಕ ಈಜುಕೊಳವನ್ನೇ ಕಟ್ಟಿದರು. ದೊಡ್ಡವರಾದ ಹುಡುಗರನ್ನು ಭಾಷೆ ಕಲಿತು, ದುಡಿದು ಬರಲೆಂದು ಹೊರದೇಶಗಳಿಗೂ ಕಳಿಸಿದರು. ಈ ವಿಷಯ ನನಗೆ ಸಂಬಂಧಿಸಿದ್ದು, ನನಗೆ ಇದರ ಕಾಳಜಿ ಇದೆ ಎಂಬ ಅರ್ಥದ ಎರಡು ಇಂಗ್ಲಿಷ್ ಪದಗಳನ್ನು ಶಾಲೆಯ ಗೋಡೆಯ ಮೇಲೆ ಬರೆದಿದ್ದರು.

ಅವರು ಬಹಳ ಕಟ್ಟುನಿಟ್ಟಿನವರು. ಮಾತು ಖಾರ. ಆಟಕ್ಕೆಂದು ಬಿಡುವು ಕೊಡುತ್ತಿರಲಿಲ್ಲ. ಆಟದ ಬಯಲಿಲ್ಲದ ಶಾಲೆಯನ್ನು ನಾನು ಒಪ್ಪಲಾರೆ. ಅವರ ಎಲ್ಲವನ್ನೂ ಅನುಸರಿಸಬೇಕೆಂದು ನಾನು ಹೇಳುತ್ತಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರು ಬರವಣಿಗೆ ಕಲಿಸಿದ ರೀತಿ.

ಅದಕ್ಕೆ ಕಾರಣರಾದವರು ಇನ್ನೊಬ್ಬ ಮೇಷ್ಟ್ರು. ಉತ್ತರ ಇಟಲಿಯ ಪಿಯಾದೆನಾ ಕಡೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದ ಮಾರಿಯೊ ಲೋದಿ 1963ರ ಬೇಸಿಗೆಯಲ್ಲಿ ಬಾರ್ಬಿಯಾನಾಕ್ಕೆ ಬಂದರು. ತಮ್ಮ ಮಕ್ಕಳು ಬೇರೆ ಶಾಲೆಯ ಮಕ್ಕಳಿಗೆ ಪತ್ರ ಬರೆಯುವುದನ್ನು, ಎಲ್ಲರೂ ಸೇರಿ ಒಂದು ಬರಹವನ್ನು ತಿದ್ದುವುದನ್ನು ವಿವರಿಸಿದರು. ಮಿಲಾನಿಗೆ ಇದು ನಾಟಿತು. ಆ ವರ್ಷದ ನವೆಂಬರ್‌ನಲ್ಲಿ ಬಾರ್ಬಿಯಾನಾದ ಮಕ್ಕಳು ಪಿಯಾದೆನಾದ ಮಕ್ಕಳಿಗೆ ಪತ್ರ ಬರೆದರು. ಒಂದು ಪತ್ರಕ್ಕೆ ಹಲವು ದಿನ ಹಿಡಿಯಿತು. ಎಲ್ಲ ಮಕ್ಕಳೂ ಸೇರಿ ಒಂದೊಂದು ವಾಕ್ಯವನ್ನೂ ತೂಗಿ ನೋಡಿ ಬರೆದಿದ್ದರು. ಅಲ್ಲಿಂದ ಅವರ ಶಾಲೆಯಲ್ಲಿ ಗುಂಪು ಬರವಣಿಗೆ ಬೇರೂರಿತು.

ಅವರ ಕ್ರಮ ಹೀಗಿತ್ತು. ಶಿಕ್ಷಕ ಮಿತ್ರರು ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೋರುತ್ತೇನೆ.

ಮೊದಲು, ಹೇಳಲೇಬೇಕಾದ ವಿಷಯವೊಂದು ಇರಬೇಕು, ಯಾರಿಗೆ ಹೇಳುತ್ತಿದ್ದೇವೆಂದು ಗೊತ್ತಿರಬೇಕು. ಪ್ರತಿಯೊಬ್ಬ ಹುಡುಗನ ಜೇಬಿನಲ್ಲೂ ಒಂದು ಚಿಕ್ಕ ಪುಸ್ತಕ. ವಿಷಯದ ಬಗ್ಗೆ ಏನು ಹೊಳೆದರೂ, ಎಲ್ಲಿ ಹೊಳೆದರೂ ಬರೆದುಕೊಳ್ಳುವುದು. ಒಂದು ಚೀಟಿಗೆ ಒಂದೇ ವಿಚಾರ, ಒಂದೇ ಮಗ್ಗುಲಲ್ಲಿ. ಒಂದು ದಿನ ಎಲ್ಲರ ಚೀಟಿಗಳನ್ನೂ ದೊಡ್ಡ ಮೇಜಿನ ಮೇಲೆ ಹರಡುವುದು. ಒಂದೇ ವಿಚಾರ ಎರಡು ಸಲ ಬಂದಿದ್ದರೆ ಒಂದನ್ನು ತೆಗೆಯುವುದು. ಹತ್ತಿರದ ಚೀಟಿಗಳನ್ನು ಗುಡ್ಡೆ ಮಾಡುವುದು. ದೊಡ್ಡ ಗುಡ್ಡೆ ಒಂದು ಅಧ್ಯಾಯ, ಅದರೊಳಗಿನ ಚಿಕ್ಕ ಗುಡ್ಡೆ ಒಂದು ಪ್ಯಾರಾ. ಪ್ರತಿ ಪ್ಯಾರಾಕ್ಕೂ ಒಂದು ಹೆಸರು ಕೊಡಲು ನೋಡುವುದು. ಹೆಸರು ಸಿಗದಿದ್ದರೆ ಆ ಗುಡ್ಡೆಯಲ್ಲಿ ಹುರುಳಿಲ್ಲ, ಇಲ್ಲವೇ ಎರಡು ಮೂರು ವಿಷಯ ಕಲಸಿಹೋಗಿವೆ ಎಂದು ಅರ್ಥ. ಆಮೇಲೆ ಯಾವುದು ಮೊದಲು, ಯಾವುದು ನಂತರ ಎಂಬ ಚರ್ಚೆ. ಆ ಚರ್ಚೆ ಮುಗಿಯುವ ಹೊತ್ತಿಗೆ ಬರಹದ ಅಸ್ಥಿಪಂಜರ ತಯಾರು.

ಅನಂತರ ಚೀಟಿಗಳನ್ನು ಸೇರಿಸಿ ಒಂದು ಸಲ ಬರೆದು, ಸೈಕ್ಲೋಸ್ಟೈಲ್ ಮಾಡಿ ಎಲ್ಲರಿಗೂ ಒಂದೊಂದು ಪ್ರತಿ ಹಂಚುತ್ತಿದ್ದರು. ಕತ್ತರಿ, ಅಂಟು, ಬಣ್ಣದ ಪೆನ್ಸಿಲ್ ಹಿಡಿದು ಕೂರುತ್ತಿದ್ದರು. ಬೇಡದ ಪದ, ಎರಡು ಸಲ ಬಂದ ಮಾತು, ದೊಡ್ಡಸ್ತಿಕೆಯ ವಿಶೇಷಣ, ಉದ್ದ ವಾಕ್ಯ, ನಿಜವಲ್ಲದ ಮಾತು ಇವನ್ನು ಹುಡುಕಿ ತೆಗೆಯುವುದರಲ್ಲಿ ಹುಡುಗರ ನಡುವೆ ಪೈಪೋಟಿ. ಕೊನೆಗೆ ಹೊರಗಿನವರನ್ನು ಕರೆದು ಗಟ್ಟಿಯಾಗಿ ಓದಿಸುತ್ತಿದ್ದರು. ಹೆಚ್ಚು ಓದಿರದವರಾದರೆ ಇನ್ನೂ ಒಳ್ಳೆಯದು. ಅವರಿಗೆ ಅರ್ಥವಾಗದ ಕಡೆ ತಪ್ಪು ಬರೆದವರದು, ಓದಿದವರದಲ್ಲ. ಇಷ್ಟಕ್ಕೂ ಕಾಲದ ಮಿತಿ ಇರಲಿಲ್ಲ.

ಇದರಲ್ಲಿ ಯಾರ ಪಾಲು ಎಷ್ಟು? ಮೇಷ್ಟ್ರು ಮೇಜಿನ ಬಳಿಯೇ ಇರುತ್ತಿದ್ದರು, ಕೇಳುತ್ತಿದ್ದರು, ಕೆಣಕುತ್ತಿದ್ದರು, ತಾವೂ ಹೇಳುತ್ತಿದ್ದರು. ಆದರೆ ಬರೆಯಲು ಬಾರದ ಹುಡುಗನ ಚೀಟಿಯೂ ಚೆನ್ನಾಗಿ ಬರೆಯುವ ಹುಡುಗನ ಚೀಟಿಯೂ ಒಂದೇ ಮೇಜಿನ ಮೇಲೆ ಬೀಳುತ್ತಿದ್ದವು. ಬರವಣಿಗೆ ಎನ್ನುವುದು ಕೆಲವರಿಗೆ ಹುಟ್ಟಿನಿಂದ ಬಂದ ವರವೆಂದು ಮಿಲಾನಿ ನಂಬಲಿಲ್ಲ. ಮರಗೆಲಸದಂತೆ ಅದಕ್ಕೂ ಅಳತೆ ಇದೆ, ಉಪಕರಣಗಳಿವೆ, ಕಲಿಸಿದರೆ ಯಾರಿಗಾದರೂ ಬರುತ್ತದೆ ಎಂಬುದು ಅವರ ನಿಲುವು.

ಇಷ್ಟರಲ್ಲಿ ಅವರ ಆರೋಗ್ಯ ಕೆಟ್ಟಿತ್ತು. 1960ರಿಂದಲೇ ದುಗ್ಧಗ್ರಂಥಿಗಳ ಕ್ಯಾನ್ಸರ್ ಅವರನ್ನು ಕಾಡುತ್ತಿತ್ತು. ಚರ್ಚಿನೊಳಗೂ ನೆಮ್ಮದಿಯಿರಲಿಲ್ಲ. ಅವರು 1958ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಅದೇ ವರ್ಷ ಮೇಲಿನವರ ಆಜ್ಞೆಯಂತೆ ಮಾರಾಟದಿಂದ ಹಿಂತೆಗೆಯಲಾಗಿತ್ತು. 1965ರಲ್ಲಿ, ಆತ್ಮಸಾಕ್ಷಿಗೆ ಒಪ್ಪದೆ ಸೈನ್ಯಕ್ಕೆ ಸೇರಲೊಲ್ಲದ ಯುವಕರನ್ನು ಹೇಡಿಗಳೆಂದು ಕೆಲವು ಸೇನಾ ಪಾದ್ರಿಗಳು ಜರೆದರು. ಆ ಸುದ್ದಿಯನ್ನು ಮಕ್ಕಳೊಂದಿಗೆ ಓದಿದ ಮಿಲಾನಿ ಯುವಕರ ಪರವಾಗಿ ಬಹಿರಂಗ ಪತ್ರ ಬರೆದರು. ಅದಕ್ಕಾಗಿ ರೋಮ್ ನಗರದಲ್ಲಿ ಮೊಕದ್ದಮೆ ಹೂಡಿದರು. ಕಾಯಿಲೆಯಿಂದ ನ್ಯಾಯಾಲಯಕ್ಕೆ ಹೋಗಲಾಗದೆ ತಮ್ಮ ವಾದವನ್ನು ನ್ಯಾಯಾಧೀಶರಿಗೆ ಪತ್ರವಾಗಿ ಬರೆದು ಕಳಿಸಿದರು. ಒಬ್ಬ ಶಿಕ್ಷಕ ಅನ್ಯಾಯವನ್ನು ಕಂಡೂ ಸುಮ್ಮನಿದ್ದರೆ ಮಕ್ಕಳಿಗೆ ಏನು ಕಲಿಸಿದಂತಾಯಿತು ಎಂಬುದು ಆ ಪತ್ರದ ಒಂದು ತಿರುಳು. 1966ರ ಫೆಬ್ರವರಿ 15ರಂದು ಅವರು ನಿರ್ದೋಷಿ ಎಂದು ತೀರ್ಪು ಬಂತು.

ಆ ಹೊತ್ತಿಗೆ ಬಾರ್ಬಿಯಾನಾದ ಹುಡುಗರಲ್ಲಿ ಕೆಲವರು ಶಿಕ್ಷಕರಾಗಬೇಕೆಂದು ನಗರದ ಶಿಕ್ಷಕ ತರಬೇತಿ ಶಾಲೆಗೆ ಸೇರಿ ಅಲ್ಲಿ ನಪಾಸಾದರು. ಬೆಟ್ಟದಲ್ಲಿ ಎಲ್ಲರಿಗೂ ಪಾಠ ಹೇಳುತ್ತಿದ್ದ ಹುಡುಗರು ಅವರು. ಮುಂದಿನ ಕೆಲಸಕ್ಕೆ ಅದೇ ಪ್ರೇರಣೆಯಾಯಿತು. ಎಂಟು ಹುಡುಗರು ಹಾಸಿಗೆ ಹಿಡಿಯುತ್ತಿದ್ದ ಮೇಷ್ಟರ ಸುತ್ತ ಕುಳಿತು, ತಮ್ಮನ್ನು ನಪಾಸು ಮಾಡಿದ ಶಿಕ್ಷಕಿಗೆ ಬರೆದ ಪತ್ರದ ರೂಪದಲ್ಲಿ ಒಂದಿಡೀ ಪುಸ್ತಕ ಬರೆದರು. ಸುಮಾರು ಒಂದು ವರ್ಷದ ಕೆಲಸ. ಚೀಟಿ, ಗುಡ್ಡೆ, ಕತ್ತರಿ, ಅಂಟು ಎಲ್ಲವೂ ಅದರಲ್ಲಿ ಕೆಲಸ ಮಾಡಿದವು. ದೇಶದ ಅಂಕಿಅಂಶಗಳನ್ನು ಸಂಗ್ರಹಿಸಿ ನಕ್ಷೆ ಮಾಡಿದರು. ಮನೆಯಲ್ಲೇ ಅಕ್ಷರ ಕಲಿತು ಶಾಲೆಗೆ ಬರುವ ಡಾಕ್ಟರರ ಮಗ ಮುಂದೆ ಮುಂದೆ ಹೋಗುತ್ತಾನೆ, ಬಡವರ ಮಗ ಹಿಂದೆ ಬಿದ್ದು ಹೊರಗೆ ಹೋಗುತ್ತಾನೆ ಎಂದು ತೋರಿಸಿದರು. ಆರೋಗ್ಯವಂತರನ್ನು ಇಟ್ಟುಕೊಂಡು ರೋಗಿಗಳನ್ನು ಹೊರಗೆ ಕಳಿಸುವ ಆಸ್ಪತ್ರೆಗೆ ಅಂಥ ಶಾಲೆಯನ್ನು ಹೋಲಿಸಿದರು. ಈ ಹೋಲಿಕೆಯನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಕೆಂಪು ಸೊನ್ನೆ ಕಣ್ಣ ಮುಂದೆ ಬರುತ್ತಿತ್ತು.

1967ರ ಮೇ ತಿಂಗಳಲ್ಲಿ ಪುಸ್ತಕ ಹೊರಬಂತು. ಕರ್ತೃವಿನ ಜಾಗದಲ್ಲಿ ಮಿಲಾನಿಯವರ ಹೆಸರಿರಲಿಲ್ಲ, ಬಾರ್ಬಿಯಾನಾ ಶಾಲೆ ಎಂದಿತ್ತು. ಮರುತಿಂಗಳು, ಜೂನ್ 26ರಂದು, ಫ್ಲಾರೆನ್ಸ್‌ನಲ್ಲಿ ತಾಯಿಯ ಮನೆಯಲ್ಲಿ ಅವರು ತೀರಿಕೊಂಡರು. ವಯಸ್ಸು 44. ಮಣ್ಣು ಮಾಡಿದ್ದು ಹನ್ನೆರಡು ವರ್ಷ ಹಿಂದೆ ಅವರೇ ಕೊಂಡಿದ್ದ ಜಾಗದಲ್ಲಿ. ಪುಸ್ತಕ ಅನೇಕ ಭಾಷೆಗಳಿಗೆ ಹೋಯಿತು. ಒಂದು ಕಾಲಕ್ಕೆ ಅವರನ್ನು ದೂರವಿಟ್ಟ ಚರ್ಚಿನ ಪರಮಗುರು ಪೋಪ್ ಫ್ರಾನ್ಸಿಸ್ 2017ರ ಜೂನ್ 20ರಂದು ಬೆಟ್ಟ ಹತ್ತಿ ಹೋಗಿ ಆ ಸಮಾಧಿಯ ಮುಂದೆ ನಿಂತು ಪ್ರಾರ್ಥಿಸಿದರು.

ಇನ್ನು ನಮ್ಮ ಶಾಲೆಯ ಮಾತು. ತರಬೇತಿಯಿಂದ ಬಂದ ವರ್ಷ ಒಂಬತ್ತನೇ ತರಗತಿಗೆ ಗ್ರಂಥಾಲಯವನ್ನು ಬಿಟ್ಟು 'ನಮ್ಮೂರ ಕೆರೆ' ಎಂಬ ವಿಷಯ ಕೊಟ್ಟೆ. ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ಕತ್ತರಿಸಿ ಚೀಟಿ ಮಾಡಿದೆವು. ವಾರವಿಡೀ ಚೀಟಿಗಳು ಬಂದವು. ತೂಬು ಯಾವ ವರ್ಷ ಒಡೆಯಿತು, ಹೂಳು ಎಲ್ಲಿಯವರೆಗೆ ಬಂದಿದೆ, ಕೋಡಿ ಬಿದ್ದಾಗ ಯಾರ ಮನೆಯಲ್ಲಿ ಪೂಜೆ ಸಾಮಾನು ತರುತ್ತಾರೆ, ಎಮ್ಮೆ ಯಾವ ಕಡೆಯಿಂದ ನೀರಿಗೆ ಇಳಿಯುತ್ತದೆ. ತರಗತಿಯಲ್ಲಿ ಬಾಯಿಯೇ ಬಿಡದಿದ್ದ ಹುಡುಗಿಯೊಬ್ಬಳು ಹನ್ನೊಂದು ಚೀಟಿ ತಂದಿದ್ದಳು. ಕಾಗುಣಿತ ತಪ್ಪಿತ್ತು. ವಿಷಯದಲ್ಲಿ ಒಂದೂ ತಪ್ಪಿರಲಿಲ್ಲ. ಬೆಂಚುಗಳನ್ನು ಸರಿಸಿ ನೆಲದ ಮೇಲೆ ಗುಡ್ಡೆ ಮಾಡಿದೆವು. ಫ್ಯಾನ್ ಹಾಕಿದ್ದರಿಂದ ಒಮ್ಮೆ ಎಲ್ಲವೂ ಹಾರಿಹೋಗಿ ಮತ್ತೆ ಮೊದಲಿನಿಂದ ಜೋಡಿಸಿದ್ದೂ ಉಂಟು. ಬರೆದು ಮುಗಿಸಿದ ಮೇಲೆ ಬಿಸಿಯೂಟದ ಅಡುಗೆಯವರಿಗೆ ಓದಿ ಹೇಳಿದೆವು. ನಾನು ಸೇರಿಸಿದ್ದ ಜಲಸಂಪನ್ಮೂಲ ಎಂಬ ಪದ ಬಂದಾಗ ಆ ತಾಯಿ ಅದೇನೆಂದು ಕೇಳಿದರು. ಮಕ್ಕಳು ನನ್ನ ಮುಖ ನೋಡಿ, ಪದವನ್ನು ಹೊಡೆದುಹಾಕಿ, ನೀರು ಎಂದು ಬರೆದರು.

ಎಲ್ಲವೂ ಸಲೀಸಾಗಿರಲಿಲ್ಲ. ಒಂದು ಪ್ರಬಂಧಕ್ಕೆ ಎರಡು ವಾರ ಹೋಯಿತು, ಪಾಠಗಳು ಹಿಂದೆ ಬಿದ್ದವು, ಚುರುಕಿನ ಮಕ್ಕಳು ಉಳಿದವರ ಚೀಟಿಗಳನ್ನು ತಳ್ಳಿಹಾಕಲು ನೋಡುತ್ತಿದ್ದರು. ವರ್ಷಕ್ಕೆ ಮೂರು ಪ್ರಬಂಧಕ್ಕಿಂತ ಹೆಚ್ಚು ಹೀಗೆ ಮಾಡಲು ನನ್ನಿಂದ ಆಗಲಿಲ್ಲ. ಆದರೆ ಆಮೇಲೆ ನನ್ನ ತರಗತಿಯಲ್ಲಿ ತಲೆಬರಹ ಮಾತ್ರ ಬರೆದು ಖಾಲಿ ಬಿಟ್ಟ ಹಾಳೆಯನ್ನು ನಾನು ಕಾಣಲಿಲ್ಲ.

ಕೊನೆಯದಾಗಿ ಸಮಿತಿಯವರಲ್ಲಿ ಒಂದು ವಿನಂತಿ. ಈ ಸಂಚಿಕೆಯಲ್ಲಿ ಹಳೆಯ ವಿದ್ಯಾರ್ಥಿಗಳ ಪಟ್ಟಿ ಹಾಕುತ್ತಿದ್ದೀರಿ. ಅದನ್ನು ಎಸ್ಸೆಸ್ಸೆಲ್ಸಿ ಫಲಿತಾಂಶದ ಪುಸ್ತಕದಿಂದ ಇಳಿಸಿಕೊಳ್ಳುತ್ತಿರುವುದಾಗಿ ಕೇಳಿದೆ. ದಯವಿಟ್ಟು ದಾಖಲಾತಿ ರಿಜಿಸ್ಟರಿನಿಂದ ಇಳಿಸಿಕೊಳ್ಳಿ. ನಡುವೆಯೇ ಬಿಟ್ಟುಹೋದವರೂ ಈ ಶಾಲೆಯ ಮಕ್ಕಳೇ. ಅವರಲ್ಲಿ ಕೆಲವರು ತಾವಾಗಿ ಹೋಗಲಿಲ್ಲ, ನಾವು ಕಳಿಸಿದೆವು. ಪುಟಗಳು ಹೆಚ್ಚಾಗುತ್ತವೆ, ಮುದ್ರಣದ ಖರ್ಚು ಏರುತ್ತದೆ. ಆ ಹೆಚ್ಚುವರಿ ಪುಟಗಳ ಖರ್ಚನ್ನು ನನ್ನ ಪಿಂಚಣಿಯಿಂದ ಕೊಡುತ್ತೇನೆ. ಆ ಪಟ್ಟಿಯಲ್ಲಿ ರೇಷ್ಮೆ ಸಾಕುವ ಆ ಹುಡುಗನ ಹೆಸರೂ ಬರುತ್ತದೆ. ಮಹೋತ್ಸವದ ದಿನ ಸಂಚಿಕೆಯ ಒಂದು ಪ್ರತಿಯನ್ನು ನಾನೇ ಅವನ ಮನೆಗೆ ತೆಗೆದುಕೊಂಡು ಹೋಗಬೇಕೆಂದಿದ್ದೇನೆ.